ಸಾಕ್ಷಿಯ ಬಲಗಣ್ಣು

“ಮೇಡಂ, ನಾ ಕೂಡಿಸಿದ ದಿಕ್ಕಿಗಿ ಇದು ಇಲ್ಲ.”

ಡಾಕ್ಟರ್ ಜೈನುದ್ದೀನ ಅವರ ಕಣ್ಣು ಇನ್ನೂ ಯಂತ್ರಕ್ಕೆ ಅಂಟಿಕೊಂಡೇ ಇತ್ತು. ಯಂತ್ರದ ಆಚೆ ಬದಿ ಮುದುಕ ಅಮೋಘಸಿದ್ಧ ಗದ್ದವನ್ನು ಪಟ್ಟಿಯ ಮೇಲಿಟ್ಟು, ಹಣೆ ಮುಂದಕ್ಕೆ ಒತ್ತಿ, ಉಸಿರು ಹಿಡಿದು ಕೂತಿದ್ದ. ಬಲಗಣ್ಣಿಗೆ ಹನಿ ಹಾಕಿ ಅರ್ಧ ಗಂಟೆಯಾಗಿತ್ತು. ಎಡಗಣ್ಣಿನಲ್ಲಿ ಪೊರೆ ಬಲಿತು ಗುಡ್ಡೆ ಬೆಳ್ಳಗಾಗಿತ್ತು.

“ಏನ ಇಲ್ಲರಿ? ಲೆನ್ಸ್ ಇಲ್ಲೇನು?”

“ಲೆನ್ಸ್ ಐತಿ. ಓರೆ ಕೂತೈತಿ. ಬರ್ರಿ, ನೀವ ನೋಡ್ರಿ.”

ನನಗೆ ಇಂಥ ಯಂತ್ರಗಳೆಂದರೆ ಮೊದಲಿನಿಂದಲೂ ಆಗದು. ಆದರೆ ಇದನ್ನು ನೋಡದೆ ಬಿಡುವ ಹಾಗಿರಲಿಲ್ಲ. ಯಂಕಂಚಿಯ ಕಾಲುವೆ ದಂಡೆಯಲ್ಲಿ, ನೀರು ಬಿಡುವ ಕೆಲಸದ ಪರಪ್ಪನನ್ನು ಯಾರೋ ತಲೆ ಒಡೆದು ಕೊಂದು ಇಪ್ಪತ್ತೆರಡು ದಿನವಾಗಿತ್ತು. ಕಂಡವನು ಈ ಕುರುಬರ ಮುದುಕನೊಬ್ಬನೇ. ಅವನ ಮಾತಿನ ಮೇಲೆ ಅದೇ ಊರಿನ ರೈತ ಪರಶುವನ್ನು ಹಿಡಿದು ಜೈಲಿಗೆ ಕಳಿಸಿದವಳು ಸಿಂದಗಿ ಠಾಣೆಯ ಪಿಎಸ್‌ಐ ಭುವನೇಶ್ವರಿ, ಅಂದರೆ ನಾನೇ.

ಬಗ್ಗಿ ನೋಡಿದೆ. ಅಗಲವಾದ ಕಪ್ಪು ಪಾಪೆಯೊಳಗೆ ತೆಳ್ಳನೆಯ ಪಾರದರ್ಶಕ ಬಿಲ್ಲೆ. ಅದರ ಅಂಚಿನಲ್ಲಿ ಒಂದು ಕಡೆ ಮೂರು ಚುಕ್ಕೆ, ಸರಿಯಾಗಿ ಎದುರು ಕಡೆ ಇನ್ನು ಮೂರು ಚುಕ್ಕೆ.

“ಚುಕ್ಕಿ ಕಂಡ್ವೇನ್ರಿ?”

“ಕಂಡ್ವು.”

“ಗಡಿಯಾರ ಅಂತ ತಿಳೀರಿ. ಆ ಚುಕ್ಕಿ ಮೂರು ಮತ್ತ ಒಂಬತ್ತರ ಹಂತ್ಯಾಕ ಇರಬೇಕಿತ್ತು. ಈಗ ಎಲ್ಲಿ ಅದಾವ?”

ನೋಡಿದೆ. ಒಂದೂವರೆ ಮತ್ತು ಏಳೂವರೆಯ ಕಡೆ ಇದ್ದವು. ಡಾಕ್ಟರ ಮುಖದಲ್ಲಿ ರಕ್ತವಿರಲಿಲ್ಲ.

“ನನಗ ತಿಳಿಯೂ ಹಂಗ ಹೇಳ್ರಿ ಡಾಕ್ಟ್ರ. ನಾಳೆ ಹನ್ನೊಂದಕ್ಕ ಈ ಮುತ್ಯಾ ಸಿಂದಗಿ ಕೋರ್ಟಿನ್ಯಾಗ ನ್ಯಾಯಾಧೀಶರ ಮುಂದ ಪ್ರಮಾಣ ಮಾಡಿ ಹೇಳಿಕಿ ಕೊಡಾಂವ ಇದ್ದಾನ. ಒಮ್ಮಿ ಕೊಟ್ಟ ಅಂದ್ರ ಒಬ್ಬಾಂವನ ಜೀವನ ಮುಗೀತು.”

ಅವರು ಟೇಬಲ್ಲಿನ ಮೇಲಿಂದ ಮುದುಕನ ಕಡತ ಎಳೆದುಕೊಂಡರು. ಬಸವನ ಬಾಗೇವಾಡಿಯ ಆ ಸಣ್ಣ ಕಣ್ಣಿನ ದವಾಖಾನೆಯಲ್ಲಿ ಕಡತಗಳು ಮಾತ್ರ ಅಚ್ಚುಕಟ್ಟಾಗಿದ್ದವು.

“ಕಣ್ಣಿನ ಮುಂದಿನ ಪರದಾ ದುಂಡಗಿರಬೇಕ್ರಿ. ಮುತ್ಯಾಂದು ದುಂಡಗಿಲ್ಲ, ಒಂದು ಕಡಿ ಜಗ್ಗಿದ ರೊಟ್ಟಿ ಇದ್ದಂಗ ಐತಿ. ಬರೇ ಪೊರಿ ತಗದು ಸಾದಾ ಲೆನ್ಸ್ ಹಾಕಿದ್ರ ಬೆಳಕೇನೋ ಬರ್ತೈತಿ, ಆದ್ರ ಎಲ್ಲಾ ಜಗ್ಗಿದಂಗ, ಒಂದಕ್ಕೊಂದು ಹತ್ತಿಕೊಂಡಂಗ ಕಾಣ್ತೈತಿ. ಅದನ್ನ ಸರಿ ಮಾಡಾಕ ಟಾರಿಕ್ ಅನ್ನೂ ಲೆನ್ಸ್. ಅದಕ್ಕ ದಿಕ್ಕ ಐತಿ. ಆ ದಿಕ್ಕಿಗೇ ಕೂತ್ರ ದೂರದ್ದ ನೋಡಾಕ ಚಷ್ಮಾ ಬೇಡ. ಮೂವತ್ತ ಡಿಗ್ರಿ ತಿರಗಿತಂದ್ರ ಹಾಕಿದ್ದೂ ಅಷ್ಟ, ಬಿಟ್ಟದ್ದೂ ಅಷ್ಟ. ಅದಕ್ಕೂ ಹೆಚ್ಚ ತಿರಗಿತಂದ್ರ ಮೊದಲಿಗಿಂತ ಖರಾಬ್.”

“ಇದು ಎಷ್ಟ ತಿರಗೈತಿ?”

“ನಲವತ್ತರ ಮ್ಯಾಲ.”

“ಅರವತ್ತ ಹೆಜ್ಜಿ ದೂರದಿಂದ ಮನಷ್ಯಾನ ಮಾರಿ ಗುರುತ ಹಿಡೀತಾನೇನು?”

ಜೈನುದ್ದೀನರು ಎದ್ದು ಹೋಗಿ ಗೋಡೆಯ ಪಟದ ದೀಪ ಹಾಕಿದರು. ಓದು ಬಾರದವರಿಗೆಂದು ಮಾಡಿದ ಪಟ ಅದು, ಅದರ ತುಂಬ ಮೂರು ಹಲ್ಲಿನ ಒಂದೇ ಗುರುತು. ಹಲ್ಲು ಮೇಲೋ ಕೆಳಗೋ ಎಡಕ್ಕೋ ಬಲಕ್ಕೋ ಎಂದು ಕೈ ಮಾಡಿ ತೋರಿಸಬೇಕು.

“ಮುತ್ಯಾ, ಮೊದಲಿಂದು, ಎಲ್ಲಕ್ಕಿಂತ ದೊಡ್ಡದು. ಹಲ್ಲ ಯಾವ ಕಡಿ ಅದಾವ?”

ಅಮೋಘಸಿದ್ಧ ಕುತ್ತಿಗೆ ವಾಲಿಸಿದ. ಕಣ್ಣು ಕಿರಿದು ಮಾಡಿದ. ಕೈ ಎತ್ತಿ ಬಲಕ್ಕೆ ತೋರಿಸಿದ.

ಹಲ್ಲು ಮೇಲಕ್ಕಿದ್ದವು.

“ಹನಿ ಹಾಕೀರಲ್ಲ, ಅದಕ್ಕ ಮಸಕ್ರಿ,” ಅಂದ ಮುದುಕ, ಗದರಿಸಿಕೊಂಡ ಹುಡುಗನ ದನಿಯಲ್ಲಿ.

“ಹನಿ ಹಾಕೂಕಿಂತ ಮೊದಲೂ ತೋರಿಸಿದ್ದೆ ಮುತ್ಯಾ. ಆಗೂ ತಪ್ಪ ಹೇಳಿದ್ರಿ,” ಅಂದರು ಡಾಕ್ಟರು ಮೆತ್ತಗೆ.

ನಾನು ಇಂಡಿ ತಾಲೂಕಿನ ಹೆಣ್ಣು, ನನ್ನ ಬಾಯಿ ಒರಟು. ಆ ಹೊತ್ತಿಗೆ ಎಷ್ಟು ಸಿಟ್ಟು ಬಂತೆಂದರೆ, ಯಾರ ಮೇಲೆ ಹಾಕಬೇಕೋ ತಿಳಿಯದೆ ಕುರ್ಚಿಯನ್ನು ಒದ್ದೆ. ಸಿಟ್ಟು ನನ್ನ ಮೇಲೇ ಇತ್ತು. ಈ ತಪಾಸಣೆ ಮೊದಲ ದಿನವೇ ಆಗಬೇಕಿತ್ತು.

ಮಾಡಿಸಲಿಲ್ಲ, ಯಾಕೆಂದರೆ ನಂಬಿದೆ. ನಾನೊಬ್ಬಳೇ ಅಲ್ಲ, ಇಡೀ ಯಂಕಂಚಿ ನಂಬಿತು. ಮೂರು ತಿಂಗಳ ಹಿಂದೆ ಈ ಮುದುಕನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಇದೇ ದವಾಖಾನೆಗೆ ಕರೆತಂದವನು ಪರಶು. ಸಾದಾ ಲೆನ್ಸ್ ಸಾಕು ಎಂದ ಮುದುಕನ ಜೊತೆ ಜಗಳವಾಡಿ ಈ ಲೆನ್ಸೇ ಹಾಕಿಸಿದವನೂ ಪರಶು. ಅಂಥವನ ಹೆಸರನ್ನು ಈ ಮುದುಕ ಸುಮ್ಮನೆ ಹೇಳಿಯಾನೇ? ಹೇಳುವಾಗ ಅತ್ತಿದ್ದ ಕೂಡ.

ಪರಶುವಿನ ಮೇಲೆ ಬೇರೆ ಅನುಮಾನಗಳೂ ಇದ್ದವು. ನೀರಿನ ಪಾಳಿಗಾಗಿ ಪರಪ್ಪನ ಕೊರಳಪಟ್ಟಿ ಹಿಡಿದಿದ್ದ. ಕೊಲೆಯ ದಿನ ನಸುಕಿನಲ್ಲೇ ಟ್ರ್ಯಾಕ್ಟರಿನ ಸಾಮಾನಿಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ ಎಂದ. ಅಲ್ಲಿಯ ಗ್ಯಾರೇಜಿನವರು ಅವನು ಬಂದೇ ಇಲ್ಲ ಎಂದರು. ಹಾಗಾದರೆ ಎಲ್ಲಿದ್ದೆ ಎಂದು ಎಷ್ಟು ಕೇಳಿದರೂ ನೆಲ ನೋಡಿಕೊಂಡು ಕೂತ. ನನಗೆ ಅಷ್ಟು ಸಾಕಾಗಿತ್ತು.

ಸಾಕಾಗದವಳು ಅವನ ಹೆಂಡತಿ ಸೌಂದರ್ಯಾ. ಇಪ್ಪತ್ತು ದಿನ ಠಾಣೆಯ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಹೇಳಿದಳು. “ಮುತ್ಯಾಗ ಕಣ್ಣ ಕಾಣೂದಿಲ್ರಿ. ತಪಾಸ ಮಾಡಸ್ರಿ.” ಬೈದೆ, ಕಳಿಸಿದೆ, ಮರುದಿನ ಮತ್ತೆ ಬಂದಳು. ಕೊನೆಗೆ ಅವಳ ಕಾಟ ತಪ್ಪಿದರೆ ಸಾಕೆಂದು ಇವತ್ತು ಮುದುಕನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರೆ, ನಮಗಿಂತ ಮೊದಲೇ ಬಸ್ಸು ಹಿಡಿದು ಬಂದು ದವಾಖಾನೆಯ ಹೊರಗಿನ ಬಾಕಿನ ಮೇಲೆ ಕೂತಿದ್ದಳು.

“ಡಾಕ್ಟ್ರ, ಆಪರೇಷನ್ ಆದ ಮ್ಯಾಲ ಕಣ್ಣ ನೋಡಿಲ್ಲೇನು?”

“ನೋಡೇವ್ರಿ. ಒಂದ ದಿನಕ್ಕ, ಒಂದ ವಾರಕ್ಕ, ಒಂದ ತಿಂಗಳಿಗಿ.” ಅವರು ಕಡತ ನನ್ನ ಕಡೆ ತಿರುಗಿಸಿದರು. “ಮೂರೂ ಸಲ ನಜರ್ ಚಲೋ ಐತಿ ಅಂತ ಬರದೈತಿ.”

ಮೂರು ದಿನಾಂಕ, ಮೂರು ಸಾಲು. ಅಕ್ಷರ ಒಂದೇ, ಶಾಯಿ ಒಂದೇ, ಪೆನ್ನಿನ ಒತ್ತೂ ಒಂದೇ. ಒಂದೇ ಸಲಕ್ಕೆ ಕೂತು ಬರೆದದ್ದೆಂದು ಹೇಳಲು ಪೊಲೀಸರೇ ಆಗಬೇಕಿರಲಿಲ್ಲ.

“ಯಾರ ಅಕ್ಷರ ಇದು?”

ಜೈನುದ್ದೀನರು ಬಾಗಿಲ ಕಡೆ ನೋಡಿ ಕರೆದರು. “ಯಲ್ಲಾಲಿಂಗ.”

ಬಂದವನಿಗೆ ಮೂವತ್ತರ ಮೇಲೆ ವಯಸ್ಸು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಆಪರೇಷನ್ನಿಗೆ ರೋಗಿಗಳನ್ನು ತಯಾರು ಮಾಡುವುದು ಅವನ ಕೆಲಸ. ಟೇಬಲ್ಲಿನ ಮೇಲೆ ಬಿಚ್ಚಿದ್ದ ಕಡತ ಕಂಡ ಕೂಡಲೇ ಅವನ ಕೈ ಕಿಸೆಗೆ ಹೋಗಿ ಪೆನ್ನು ಮುಚ್ಚಿಕೊಂಡಿತು.

“ಈ ಮೂರೂ ಸಲ ಮುತ್ಯಾ ದವಾಖಾನಿಗಿ ಬಂದಿದ್ನೇನು?” ಅಂದೆ.

“ಮೊದಲನೇ ಸಲ ಬಂದಿದ್ರಿ. ಸಾಹೇಬ್ರು ಆಪರೇಷನ್ ಕೋಣ್ಯಾಗ ಇದ್ರು, ಹೊರಗ ನಾನ ಪಟ್ಟಿ ಬಿಚ್ಚಿ ಕಳಿಸಿದೆ. ಆಮ್ಯಾಲ ಕುರಿ ಹೊಡಕೊಂಡ ಅಡವಿಗಿ ಹೋಗಿದ್ರು. ಫೋನ್ ಮಾಡಿ ಕೇಳಿದೆ, ಕಾಣ್ತೈತೇನು ಮುತ್ಯಾ ಅಂತ. ಕಾಣ್ತೈತಿ ಅಂದ್ರು.”

“ಫೋನಿನ್ಯಾಗ ಕಣ್ಣ ತಪಾಸ ಮಾಡಿದಿ.”

ಅವನು ಕಡತ ಮುಚ್ಚಲು ಕೈ ಚಾಚಿದ, ನಾನು ತಡೆದೆ.

“ಯಲ್ಲಾಲಿಂಗ, ಲೆನ್ಸ್ ಓರೆ ಯಾಕ ಕೂತಿತು ಅಂತ ಕೇಳಾಕತ್ತೇನಿ. ನಿನಗ ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನ್ನು. ಆದ್ರ ನಾಳೆ ಕೋರ್ಟಿನ್ಯಾಗ ನಿಂತ ಅದನ್ನ ಹೇಳಬೇಕಾಗ್ತೈತಿ.”

ಕೋರ್ಟು ಅನ್ನುವ ಶಬ್ದಕ್ಕೆ ಅವನ ಮುಖ ಬಾಡಿತು. ಡಾಕ್ಟರ ಕಡೆ ನೋಡಿದ. ಅವರು ಮುಖ ತಿರುಗಿಸಲಿಲ್ಲ.

“ನಾ ಸರಿಯಾಗೇ ಗುರುತ ಮಾಡಿದ್ದೆರಿ,” ಅಂದ. “ಯಾವಾಗಲೂ ಮಾಡೂ ಹಂಗ.”

“ಏನ ಗುರುತು?”

ಉತ್ತರ ಕೊಟ್ಟವರು ಜೈನುದ್ದೀನ. “ಮನಷ್ಯಾ ಅಂಗಾತ ಮಲಗಿದ ಕೂಡಲೇ ಕಣ್ಣಗುಡ್ಡಿ ತುಸು ತಿರಗ್ತೈತ್ರಿ. ಅದಕ್ಕ ನೆಟ್ಟಗ ಕೂಡಿಸಿ, ನೇರ ನೋಡಾಕ ಹಚ್ಚಿ, ಕರಿ ಗುಡ್ಡಿಯ ಎರಡೂ ಬಾಜೂಕ ಶಾಯಿಲೆ ಒಂದೊಂದು ಚುಕ್ಕಿ ಇಡ್ತೇವಿ. ಮಲಗಿದ ಮ್ಯಾಲ ನನಗ ಆ ಚುಕ್ಕಿ ಒಂದೇ ಆಧಾರ. ಅದನ್ನ ನೋಡೇ ಲೆನ್ಸ್ ತಿರಗಸೂದು.”

“ಕೂತಾಗ ಇಟ್ಟಿದ್ದೆರಿ ಸಾಹೇಬ್ರ,” ಅಂದ ಯಲ್ಲಾಲಿಂಗ. “ಆಮ್ಯಾಲ ಮುತ್ಯಾನ ಹೇಣತಿ ಗುಂಡವ್ವ ಬಂದ್ಲು. ಭಂಡಾರದ ಚೀಲಾ ತಂದಿದ್ಲು. ದೇವರ ಹೆಸರ ಹೇಳಿ ಹಣಿ ಮ್ಯಾಲ ಒಂದು ಮುಷ್ಟಿ ಹಚ್ಚಿದ್ಲು. ಅದು ಉದರಿ ಕಣ್ಣಾಗ ಬಿತ್ತು. ಅರಿಷಿಣ ಕಣ್ಣಾಗ ಹೋದ್ರ ಆಪರೇಷನ್ ಹ್ಯಾಂಗ ಮಾಡೂದು? ಎರಡ ಬಾಟ್ಲಿ ನೀರ ಹಾಕಿ ತೊಳದೆ. ಚುಕ್ಕೀನೂ ತೊಳಕೊಂಡ ಹೋದ್ವು.”

“ಆಮ್ಯಾಲ?”

“ಒಳಗಿಂದ ಸಾಹೇಬ್ರು ಕರೀಲಿಕ್ಕತ್ತಿದ್ರು. ಮುತ್ಯಾನ್ನ ಟೇಬಲ್ ಮ್ಯಾಲ ಮಲಗಿಸಿ ಆಗಿತ್ತು. ಬೆನ್ನ ಡುಬ್ಬ ಇದ್ದದ್ದಕ್ಕ ಮಗ್ಗಲಿಗಿ ದಿಂಬ ಕೊಟ್ಟಿದ್ದೆ, ತಲಿ ಓರೆ ಇತ್ತು. ಹಂಗೇ ಅಂದಾಜಿಲೆ ಮತ್ತ ಎರಡ ಚುಕ್ಕಿ ಇಟ್ಟೆ.”

“ಮಲಗಿದಾಂವನಿಗೆ?”

“ಹೌದ್ರಿ.”

“ಹೇಳಲಿಲ್ಲ ನನಗ,” ಅಂದರು ಜೈನುದ್ದೀನ.

“ಮತ್ತ ಎಬ್ಬಿಸಿ ಕೂಡಸಂತ ಬೈತಿದ್ರಿ ಸಾಹೇಬ್ರ. ಅವತ್ತ ಹದಿನಾಕ ಆಪರೇಷನ್ ಇದ್ವು.”

ಡಾಕ್ಟರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. “ತಲಿ ಓರೆ ಇದ್ದದ್ದು ನಾನೂ ನೋಡಬೇಕಿತ್ತು. ಹೊದಿಕಿ ಹಾಕಿದ ಮ್ಯಾಲ ಬರೇ ಕಣ್ಣ ಕಾಣ್ತೈತಿ. ಬರಕೋರಿ ಮೇಡಂ, ನಂದೂ ತಪ್ಪೈತಿ ಅಂತ ಬರಕೋರಿ.”

ಬರೆದುಕೊಂಡೆ. ಇಬ್ಬರ ಸಹಿಯನ್ನೂ ಹಾಕಿಸಿದೆ. ಸಾಮಾನ್ಯವಾಗಿ ಇಂಥ ಬರವಣಿಗೆ ನನ್ನ ಹವಾಲ್ದಾರ ಕಾಂತುವಿನದು. ಅವನು ಜೀಪಿನ ಟೈರು ಮೆತ್ತಗಾಗಿದೆಯೆಂದು ಹೊರಗೇ ಉಳಿದಿದ್ದ.

“ಈಗ ಸರಿ ಮಾಡಾಕ ಬರ್ತೈತೇನ್ರಿ?”

“ಒಳಗ ಹೋಗಿ ತಿರಗಿಸಿ ಕೂಡಸಬಹುದು. ತಡ ಆಗೈತಿ, ಅಂಟಕೊಂಡೈತಿ, ಆದ್ರೂ ನೋಡೂಣು. ಈ ವಾರಾನೇ ಮಾಡ್ತೇನಿ. ಒಂದು ರೂಪಾಯಿ ಬ್ಯಾಡ.”

“ಮಾಡಬ್ಯಾಡ್ರಿ,” ಅಂದೆ.

“ಯಾಕ್ರಿ?”

“ಆ ಕಣ್ಣ ಈಗ ಪುರಾವಿ. ಬ್ಯಾರೆ ಡಾಕ್ಟ್ರು ನೋಡಿ ಹೌದು ಅನ್ನೂ ತನಕ ಅದನ್ನ ಯಾರೂ ಮುಟ್ಟೂ ಹಂಗಿಲ್ಲ.”

ಹೇಳಿ ಮುದುಕನ ಕಡೆ ನೋಡಲು ನಾಚಿಕೆಯಾಯಿತು. ಪರಶು ಹೊರಗೆ ಬರಬೇಕಾದರೆ ಈ ಮುದುಕ ಇನ್ನೂ ಎಷ್ಟೋ ದಿನ ಮಂಜಿನಲ್ಲೇ ತಡವರಿಸಬೇಕಿತ್ತು. ಅದನ್ನು ನಿರ್ಧರಿಸಿದವಳು ನಾನು.

ಅಮೋಘಸಿದ್ಧ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಯಂತ್ರದಿಂದ ಗದ್ದ ತೆಗೆದು ನೆಟ್ಟಗೆ ಕೂತ. ರುಮಾಲು ಸರಿಮಾಡಿಕೊಂಡ. ಅವನಿಗೆ ಅವಮಾನವಾಗಿತ್ತು.

“ಬಾಯಾರ, ನನಗ ಕುಡ್ಡ ಅನ್ನಾಕತ್ತೀರೇನು?”

“ಕುಡ್ಡ ಅನ್ನಲಿಲ್ಲ ಮುತ್ಯಾ.”

“ಮುನ್ನೂರ ಕುರಿ ಕಾಯ್ತೇನಿ. ಒಂದೂ ಕಳದಿಲ್ಲ. ಹುಟ್ಟಿದಾಗಿಂದ ಸುಳ್ಳ ಹೇಳಿಲ್ಲ. ನಾ ನೋಡೇನಿ ಅಂದ್ರ ನೋಡೇನಿ.”

ಡಾಕ್ಟರು, ಯಲ್ಲಾಲಿಂಗ ಇಬ್ಬರನ್ನೂ ಹೊರಗೆ ಕಳಿಸಿದೆ. ಹನಿಯ ಬಾಟಲಿ ಜೋಡಿಸುತ್ತಿದ್ದ ನರ್ಸು ಭಾಗ್ಯಾ ಒಬ್ಬಳು ಅಲ್ಲೇ ಉಳಿದಳು. ಮುದುಕನ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದೆ. ಹೊರಗೆ ಬಿಸಿಲು ಇಳಿಯುತ್ತಿತ್ತು. ಅಂಗಳದ ತುದಿಯಲ್ಲಿ ಬೇವಿನ ಮರ, ಮರದ ಕೆಳಗೆ ನಮ್ಮ ಜೀಪು, ಜೀಪಿಗೆ ಒರಗಿ ನಿಂತ ಒಬ್ಬ ಮನುಷ್ಯ. ಹೆಚ್ಚು ಕಡಿಮೆ ಅರವತ್ತು ಹೆಜ್ಜೆ.

“ಮುತ್ಯಾ, ಆ ಗಿಡದ ಬುಡಕ ಒಬ್ಬರು ನಿಂತಾರ. ಯಾರ ಅವ್ರು?”

ಅವನು ಕುತ್ತಿಗೆ ವಾಲಿಸಿ ನೋಡಿದ. ನೋಡುತ್ತಲೇ, ಯೋಚನೆಯೇ ಇಲ್ಲದೆ, ಬಾಯಿ ಪಕ್ಕಕ್ಕೆ ತಿರುಗಿಸಿ ಭಾಗ್ಯಾಳನ್ನು ಕೇಳಿದ.

“ಯಾರವ್ವಾ ಅಂವ?”

“ಪೊಲೀಸ್ರ ಅದಾರ ಮುತ್ಯಾ. ನಿನ್ನ ಕರಕೊಂಡ ಬಂದ್ರಲ್ಲ, ಆ ಹವಾಲ್ದಾರ್ರು,” ಅಂದಳು ಭಾಗ್ಯಾ, ಬಾಟಲಿಗಳಿಂದ ತಲೆ ಎತ್ತಿ.

ಮುದುಕ ನನ್ನ ಕಡೆ ತಿರುಗಿದ. ಮುಖದಲ್ಲಿ ಗೆದ್ದ ಕಳೆ ಇತ್ತು.

“ನಿಮ್ಮ ಕಾಂತು ಹವಾಲ್ದಾರ್ರಿ.”

“ನೀವ ನೋಡಿದ್ರೇನು?”

“ನೋಡಿದೆ ಅಲ್ರಿ. ಈಗ ನೋಡಿದೆ.”

ಭಾಗ್ಯಾ ಬಾಟಲಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಪೊರೆ ಬಂದ ಹತ್ತು ವರ್ಷ, ದಾರಿಯಲ್ಲಿ ಯಾರೇ ಎದುರಾದರೂ ಪಕ್ಕದವರನ್ನು ಕೇಳಿದ್ದ. ಅವರು ಹೆಸರು ಹೇಳಿದ ಕೂಡಲೇ ಆ ಮಸುಕು ಆಕಾರಕ್ಕೆ ಮುಖ ಬಂದುಬಿಡುತ್ತಿತ್ತು. ಅವನ ಪಾಲಿಗೆ ಅದೇ ನೋಡುವುದು.

“ಮುತ್ಯಾ, ಕೂಡ್ರಿ.”

ಕೂತ. ನಾನೂ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ.

“ಈಗ ಈ ತಂಗೀನ ಕೇಳಿದ್ರಿ, ಯಾರವ್ವಾ ಅಂವ ಅಂತ.”

“ಕೇಳಿದೆ. ಅದರಾಗೇನೈತಿ? ಎಲ್ಲಾರೂ ಕೇಳ್ತಾರ.”

“ಕಾಲುವಿ ಮ್ಯಾಲ ಪರಪ್ಪನ್ನ ಹೊಡದಾಗ ಯಾರನ್ನ ಕೇಳಿದ್ರಿ?”

ಮುದುಕ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಅವನ ಹೇಳಿಕೆಯನ್ನು ನಾನು ನೂರು ಸಲ ಓದಿದ್ದೆ. ಅದರಲ್ಲಿ ‘ನಾನೊಬ್ಬನೇ ಇದ್ದೆ’ ಎಂದಿತ್ತು. ಕೊಲೆಯ ಜಾಗಕ್ಕೆ ಮೊದಲು ಮುಟ್ಟಿದ್ದ ಕಾಂತು ಅದನ್ನು ಅಲ್ಲೇ, ಕಾಲುವೆ ದಂಡೆಯ ಮೇಲೇ ಬರೆದುಕೊಂಡಿದ್ದ.

“ಒಬ್ಬನ ಇದ್ದೆರಿ.”

“ಒಬ್ಬರ ಇದ್ರ ಯಾರ ಹೇಳಿದ್ರು ನಿಮಗ ಪರಶು ಅಂತ?”

“ನಾ ನೋಡೇನಿ.”

“ಮುತ್ಯಾ, ಪರಶು ನಿಮ್ಮನ್ನ ಇಲ್ಲಿಗಿ ಕರಕೊಂಡ ಬಂದ ದಿನಾ ಏನೇನ ಮಾಡಿದ?”

ನಾನು ನಿರ್ದಯಿಯಾಗಿ ಕೇಳಿದೆ. ಬೇರೆ ದಾರಿ ನನಗೆ ಕಾಣಲಿಲ್ಲ.

“ಕೈ ಹಿಡಕೊಂಡ ಕೂತಿದ್ದ,” ಅಂದ ಮುದುಕ. “ಅಂಜಬ್ಯಾಡೋ ಮುತ್ಯಾ ಅಂದ. ಚಹಾ ಕುಡಿಸಿದ. ನನ್ನ ಚಪ್ಪಲಿ ಅಂವನ ಹಾಕಿದ.”

“ಅಂವ ಈಗ ಜೈಲಿನ್ಯಾಗ ಅದಾನ. ನಿಮ್ಮ ಮಾತಿಲೆ ಅದಾನ. ಆ ಮಾತ ನಿಮ್ಮ ಕಣ್ಣಿಂದಲ್ಲ, ಯಾರದೋ ಬಾಯಿಂದು. ಯಾರ ಬಾಯಿಂದು ಅಂತ ಹೇಳದಿದ್ರ ನಾಳೆ ನೀವು ದೇವರ ಮ್ಯಾಲ ಪ್ರಮಾಣ ಮಾಡಿ ಮೊದಲನೇ ಸುಳ್ಳ ಹೇಳ್ತೀರಿ.”

ಮುದುಕ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನ ಎರಡೂ ಕಣ್ಣಿನಿಂದ ನೀರು ಇಳಿಯಿತು.

“ಒಬ್ಬ ಬಿದ್ದದ್ದು ಕಂಡಿತ್ರಿ. ಒಬ್ಬ ಕೈಯಾಗ ಏನೋ ಹಿಡದ ನಿಂತದ್ದು ಕಂಡಿತು. ಬಿದ್ದಾಂವ ಚೀರಿದ್ದ, ದನಿ ಪರಪ್ಪಂದು ಅಂತ ತಿಳೀತು. ನಿಂತಾಂವ ಯಾರು ಅಂತ ತಿಳೀಲಿಲ್ಲ. ಬಾಜೂಕ ಅರಿವಿ ಒಗ್ಯಾಕ ಬಂದಾಕಿ ಇದ್ಲು, ಆಕೀನ ಕೇಳಿದೆ. ಯಾರವ್ವಾ ಅಂವ, ಯಾರವ್ವಾ ಅಂತ. ಆಕಿ ಹೇಳಿದ್ಲು.”

“ಏನಂತ?”

“ನಮ್ಮ ಯಜಮಾನ್ರು ಅಂತ.”

ಮುಂದಿನ ಪ್ರಶ್ನೆ ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ, ಕಿವಿಯಿಂದ ಕೇಳದೆ ನಂಬುವುದನ್ನು ಅವತ್ತಿಗೆ ಬಿಟ್ಟಿದ್ದೆ.

“ಅರಿವಿ ಒಗ್ಯಾಕ ಬಂದಾಕಿ ಯಾರು ಮುತ್ಯಾ?”

“ಸೌಂದರ್ಯಾ. ಪರಶುನ ಹೇಣತಿ.” ಅವನು ಮುಖ ಮುಚ್ಚಿಕೊಂಡ. “ಗಂಡನ ಮ್ಯಾಲ ಹೇಣತಿ ಕಡಿಂದ ಕೋರ್ಟಿನ್ಯಾಗ ಹೇಳಸೂದು ಬ್ಯಾಡ ಅಂತ ಆಕಿ ಸುದ್ದೀನ ತಗೀಲಿಲ್ರಿ. ಹೆಂಗೂ ಖರೇ ಐತಿ, ನನ್ನ ಹೆಸರಿಲೆ ಹೋಗ್ಲಿ ಅಂತ ಹೇಳಿದೆ. ಸಣ್ಣ ವಯಸ್ಸಿನ ಹೆಣ್ಣಮಗಳು, ಆಕಿಗ್ಯಾಕ ಆ ಪಾಪಾ ಅಂತ ನಾ ಹೊತ್ತಕೊಂಡೆ.”

ನಾನು ಎದ್ದೆ. ತಲೆಯಲ್ಲಿ ಲೆಕ್ಕ ತಪ್ಪಿತ್ತು. ಈಗಷ್ಟೇ ಬರೆಸಿಕೊಂಡ ಸಹಿಗಳು ಪರಶುವನ್ನು ಬಿಡಿಸಲು ಸಾಕಿದ್ದವು. ಆದರೆ ಸೌಂದರ್ಯಾಳ ಕಣ್ಣಿಗೆ ಏನೂ ಆಗಿರಲಿಲ್ಲ. ಅವಳು ನೋಡಿ ಹೇಳಿದ್ದಾದರೆ ಕೊಂದವನು ಪರಶುವೇ. ಮುದುಕನಿಗೆ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಾದದ್ದೂ ಹೀಗೇ, ಅವನು ಅವಳನ್ನೇ ಕೇಳಿದ್ದರಿಂದ. ಗಂಡ ಕೊಲೆ ಮಾಡಿದ್ದನ್ನು ಕಂಡವಳು ಅವನನ್ನು ಬಿಡಿಸಲು ನನ್ನನ್ನು ಇಲ್ಲಿಯವರೆಗೆ ಎಳೆದು ತಂದಿದ್ದಳು. ಇಪ್ಪತ್ತು ದಿನ ನನ್ನನ್ನು ಆಡಿಸಿದ್ದಾಳೆ ಎಂದು ಹಲ್ಲು ಕಡಿದೆ.

ಹೊರಗೆ ಬಾಕಿನ ಮೇಲೆ ಅವಳು ಹಾಗೇ ಕೂತಿದ್ದಳು, ಸೆರಗು ಎಳೆದುಕೊಂಡು. ನನ್ನನ್ನು ಕಂಡು ಎದ್ದಳು.

“ಮುತ್ಯಾಗ ಕಾಣೂದಿಲ್ಲಲ್ರಿ ಮೇಡಮ್ಮರ?”

“ಕಾಣೂದಿಲ್ಲ. ನಿನಗ ಕಾಣ್ತೈತಿ.”

ಅವಳು ಯಾರು ಹೇಳಿದರು ಎಂದು ಕೇಳಲಿಲ್ಲ.

“ಅವತ್ತ ನೀ ಕಾಲುವಿ ಮ್ಯಾಲ ಇದ್ದಿ. ಗಂಡನ್ನ ತೋರಿಸಿದಾಕಿ ನೀನ.”

“ಹೌದ್ರಿ.”

“ಕೊಂದಾಂವ ಅಂವನ ಹಂಗಾರ.”

“ಅಲ್ಲರಿ.” ಅವಳು ದನಿ ತಗ್ಗಿಸಿದಳು. “ಅವ್ರು ನಸಿಕಿನ್ಯಾಗ ಮುದ್ದೇಬಿಹಾಳಕ್ಕ ಹೋಗ್ತೇನಿ ಅಂತ ಹೇಳಿ ಹೋಗಿದ್ರು. ಮುತ್ಯಾ ಯಾರವ್ವಾ ಯಾರವ್ವಾ ಅಂತ ಜೋರ ಕೇಳಾಕತ್ತಿದ್ದ. ಹೊಡದ ಮನಷ್ಯಾ ನೀರ ಬಿಡೂ ಗೇಟಿನ ಕಬ್ಬಿಣದ ಹಿಡಿಕಿ ಹಿಡಕೊಂಡ ನಮ್ಮ ಕಡೆ ತಿರಗಿ ನೋಡಿದ. ಮುತ್ಯಾನ ಬಾಯಿ ಮುಚ್ಚಿಸಬೇಕಾಗಿತ್ತು, ಖರೇ ಹೆಸರ ಹೇಳಿದ್ರ ಅಂವ ನಮ್ಮಿಬ್ಬರನ್ನೂ ಬಿಡ್ತಿದ್ದಿಲ್ಲ. ನಮ್ಮವ್ರ ಹೆಸರಿಗಿ ಏನೂ ಆಗೂದಿಲ್ಲ, ಗ್ಯಾರೇಜಿನ್ಯಾಗ ಹತ್ತ ಮಂದಿ ನೋಡಿರ್ತಾರ ಅಂತ ತಿಳದೆ. ಅದಕ್ಕ ಅವ್ರನ್ನ ಹೇಳಿದೆ.”

“ಅಂವ ಮುದ್ದೇಬಿಹಾಳಕ್ಕ ಹೋಗೇ ಇಲ್ಲ.”

“ನೀವ ಹೇಳಿದ ಮ್ಯಾಲ ನನಗ ಗೊತ್ತಾತ್ರಿ. ಎಲ್ಲಿ ಹೋಗಿದ್ರು ಅಂತ ನನಗೂ ಹೇಳಿಲ್ಲ. ನನ್ನ ಬಾಯಿಲೆ ನನ್ನ ಗಂಡನ್ನ ಜೈಲಿಗಿ ಹಾಕಿದೆ.”

ಒಂದು ಕ್ಷಣ ನನ್ನ ಸಿಟ್ಟಿನ ಜಾಗದಲ್ಲಿ ಮರುಕ ಬಂತು. ಆದರೆ ಗಂಡನ ಹೆಸರನ್ನು ಅಷ್ಟು ಸಲೀಸಾಗಿ ಕೊಟ್ಟವಳ ಮಾತನ್ನು ಹೇಗೆ ನಂಬುವುದು?

“ಇಷ್ಟ ದಿನ ಠಾಣೆ ಮೆಟ್ಟಿಲ ಮ್ಯಾಲ ಕೂತಿ. ಖರೇದ್ದು ಅಲ್ಲೇ ಹೇಳಬೇಕಿತ್ತು.”

“ಠಾಣೇದಾಗ ಹ್ಯಾಂಗ ಹೇಳ್ಲಿರಿ? ಅಲ್ಲಿ ಅವ್ರ ಇರ್ತಾರ.”

“ಅವ್ರು ಅಂದ್ರ?”

ಅವಳು ಕೈ ಎತ್ತಲಿಲ್ಲ. ಗದ್ದ ಕೂಡ ತಿರುಗಿಸಲಿಲ್ಲ. ತುಟಿ ಮಾತ್ರ ಅಲುಗಿತು.

“ಕಾಂತು ಹವಾಲ್ದಾರ್ರು.”

ಹದಿನೆಂಟು ವರ್ಷದ ಸರ್ವೀಸು. ನನ್ನ ಠಾಣೆಯಲ್ಲಿ ಹಿಂದೆ ಮುಂದೆ ನೋಡದೆ ನಾನು ನಂಬುವ ಮನುಷ್ಯ. ಕೊಲೆಯ ಜಾಗಕ್ಕೆ ಎಲ್ಲರಿಗಿಂತ ಮೊದಲು ಹೋದವನು. ಮುದುಕನ ಬಾಯಿಂದ ಪರಶುವಿನ ಹೆಸರು ಬಂದ ಕೂಡಲೇ, ಬೇರೆ ಯಾರನ್ನೂ ಕೇಳದೆ, ಚೆಂದದ ಅಕ್ಷರದಲ್ಲಿ ಅದನ್ನು ಬರೆದು ನನ್ನ ಟೇಬಲ್ಲಿಗೆ ತಂದವನು. ಅಥವಾ ಇದೂ ಇವಳ ಇನ್ನೊಂದು ಸುಳ್ಳು.

“ಮೇಡಮ್ಮರ,” ಎಂದು ಹಿಂದಿನಿಂದ ದನಿ ಬಂತು. ಕಾಂತು ಅಂಗಳ ದಾಟಿ ನಮ್ಮ ಹತ್ತಿರವೇ ಬಂದಿದ್ದ. ಎಂದಿನ ನಗು ಮುಖ. “ಟೈರ್ ಸರಿ ಆತ್ರಿ. ದಾರಿ ಮ್ಯಾಲಿನ ಹಿಪ್ಪರಗ್ಯಾಗ ಇವತ್ತ ಸಂತಿ, ಬಸ್ ತುಂಬಿ ಆಗಲೇ ಹೋತಂತ. ಈ ತಂಗಿ ಹ್ಯಾಂಗ ಹೋಗ್ತಾಳ? ನಮ್ಮ ಜೀಪಿನ್ಯಾಗ ಬರ್ಲಿ ತಗೋರಿ. ನೀವು ಸಿಂದಗ್ಯಾಗ ಇಳೀರಿ, ಮುತ್ಯಾನ್ನೂ ಈಕೀನೂ ನಾನ ಯಂಕಂಚಿಗಿ ಮುಟ್ಟಿಸಿ ಬರ್ತೇನಿ.”

ಸೌಂದರ್ಯಾಳ ಬೆರಳುಗಳು ಹಿಂದಿನಿಂದ ನನ್ನ ಅಂಗಿಯ ತೋಳನ್ನು ಹಿಡಿದವು.

ಕಾಂತು ಜೀಪಿನ ಕಡೆ ನಡೆದು, ಹಿಂದಿನ ಬಾಗಿಲು ತೆರೆದು, ಅದನ್ನು ಹಿಡಿದುಕೊಂಡು ನಿಂತ.